ಚಿತ್ರದುರ್ಗ ಜಿಲ್ಲೆಯಲ್ಲಿ ಅಗ್ನಿಶಾಮಕ ವೃತ್ತಿಶಿಕ್ಷಣ

ಚಿತ್ರದುರ್ಗ ಜಿಲ್ಲೆಯ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೊದಲಾದ ತಾಲ್ಲೂಕುಗಳ ಯುವಜನರು ಅಗ್ನಿಶಾಮಕ ಸೇವೆಗೆ ಸೇರಲು ಬೇಕಾದ ವಿದ್ಯಾರ್ಹತೆ, ನೇಮಕಾತಿಯ ಕ್ರಮ, ಮೂಲ ತರಬೇತಿ ಮತ್ತು ಠಾಣೆಯಲ್ಲಿ ಮುಂದುವರಿಯುವ ಅಭ್ಯಾಸ ಇವು ಒಟ್ಟಾಗಿ ಈ ವೃತ್ತಿಶಿಕ್ಷಣದ ವ್ಯಾಪ್ತಿಗೆ ಬರುತ್ತವೆ. ಅಗ್ನಿಶಾಮಕ ಸೇವೆಯು ರಾಜ್ಯ ಸರ್ಕಾರದ ಒಳಾಡಳಿತ ಇಲಾಖೆಗೆ ಸೇರಿದ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಹೊಣೆಯಾಗಿದೆ. ಮೇಲಿನ ನಾಲ್ಕೂ ಪಟ್ಟಣಗಳಲ್ಲಿ ಇಲಾಖೆಯ ಠಾಣೆಗಳಿವೆ. ಮೂಲ ತರಬೇತಿಯ ಮುಖ್ಯ ಕೇಂದ್ರ ಬೆಂಗಳೂರಿನಲ್ಲಿದೆ. ಅಲ್ಲಿ ಕಲಿತ ಸಾಮಾನ್ಯ ವಿದ್ಯೆಯನ್ನು ನೀರು ವಿರಳವಾದ, ಊರುಗಳು ದೂರ ದೂರ ಹರಡಿದ ಬಯಲುಸೀಮೆಗೆ ಹೊಂದಿಸಿಕೊಳ್ಳುವುದು ಈ ಜಿಲ್ಲೆಯ ಸಿಬ್ಬಂದಿಯ ಶಿಕ್ಷಣದ ಎರಡನೆಯ ಹಾಗೂ ಅಷ್ಟೇ ಮುಖ್ಯವಾದ ಹಂತವಾಗಿದೆ.

ಹಿನ್ನೆಲೆ

ರಾಜ್ಯವು ಇನ್ನೂ ಮೈಸೂರು ಎಂಬ ಹೆಸರಿನಲ್ಲಿದ್ದಾಗ, 1964ರಲ್ಲಿ, ಅಗ್ನಿಶಾಮಕ ದಳದ ಕಾಯ್ದೆ ರೂಪುಗೊಂಡಿತು. ದಳದ ರಚನೆ, ಅಧಿಕಾರ ಹಾಗೂ ಕರ್ತವ್ಯಗಳಿಗೆ ಈ ಕಾಯ್ದೆಯೇ ಆಧಾರ. ಕಾಲಾನಂತರದಲ್ಲಿ ಬೆಂಕಿ ನಂದಿಸುವುದರ ಜೊತೆಗೆ ರಸ್ತೆ ಅಪಘಾತ, ಕಟ್ಟಡ ಕುಸಿತ, ನೆರೆ, ಬಾವಿಗೆ ಬಿದ್ದವರ ರಕ್ಷಣೆ ಮುಂತಾದ ಕೆಲಸಗಳೂ ಸೇರಿಕೊಂಡವು. ಇಲಾಖೆಯ ಹೆಸರಿನಲ್ಲಿರುವ 'ತುರ್ತು ಸೇವೆಗಳು' ಎಂಬ ಪದ ಈ ವಿಸ್ತರಣೆಯನ್ನು ಸೂಚಿಸುತ್ತದೆ. ತರಬೇತಿಯ ಪಠ್ಯವೂ ಇದಕ್ಕೆ ತಕ್ಕಂತೆ ಬೆಳೆದಿದೆ.

ರಾಷ್ಟ್ರಮಟ್ಟದಲ್ಲಿ ಪ್ರತಿವರ್ಷ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸಲಾಗುತ್ತದೆ. 1944ರ ಆ ದಿನ ಮುಂಬಯಿ ಬಂದರಿನಲ್ಲಿ ನಿಂತಿದ್ದ 'ಫೋರ್ಟ್ ಸ್ಟಿಕೈನ್' ಎಂಬ ಹಡಗಿಗೆ ಬೆಂಕಿ ತಗುಲಿತು. ಹತ್ತಿಯ ಮೂಟೆಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೊತ್ತಿದ್ದ ಆ ಹಡಗು ಸಿಡಿದಾಗ, ಬೆಂಕಿ ನಂದಿಸುತ್ತಿದ್ದ 66 ಮಂದಿ ಅಗ್ನಿಶಾಮಕರು ಮಡಿದರು. ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ಠಾಣೆಗಳು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮೊದಲಾದೆಡೆ ಅಣಕು ಪ್ರದರ್ಶನ ನಡೆಸುತ್ತವೆ. ಈ ವೃತ್ತಿಯನ್ನು ಹತ್ತಿರದಿಂದ ನೋಡಲು ಶಾಲಾ ಮಕ್ಕಳಿಗೆ ದೊರೆಯುವ ಮೊದಲ ಅವಕಾಶ ಬಹುಪಾಲು ಇದೇ ಆಗಿರುತ್ತದೆ.

ಹುದ್ದೆಗಳು ಮತ್ತು ವಿದ್ಯಾರ್ಹತೆ

ನೇರ ನೇಮಕಾತಿಗೆ ತೆರೆದಿರುವ ಮುಖ್ಯ ಹುದ್ದೆಗಳು ನಾಲ್ಕು: ಅಗ್ನಿಶಾಮಕ, ಅಗ್ನಿಶಾಮಕ ಚಾಲಕ, ಚಾಲಕ ತಂತ್ರಜ್ಞ ಮತ್ತು ಅಗ್ನಿಶಾಮಕ ಠಾಣಾಧಿಕಾರಿ. ಅಗ್ನಿಶಾಮಕ ಹುದ್ದೆಗೆ ಎಸ್ಸೆಸ್ಸೆಲ್ಸಿ ಮೂಲ ವಿದ್ಯಾರ್ಹತೆ. ಚಾಲಕ ಹುದ್ದೆಗೆ ಅದರ ಜೊತೆಗೆ ಭಾರಿ ವಾಹನ ಚಾಲನೆಯ ಪರವಾನಗಿ ಇರಬೇಕು. ಠಾಣಾಧಿಕಾರಿ ಹುದ್ದೆಗೆ ಪದವಿ ಬೇಕು. 2020ರಲ್ಲಿ ಇಲಾಖೆಯು ರಾಜ್ಯದಾದ್ಯಂತ 1,567 ಹುದ್ದೆಗಳಿಗೆ ಅರ್ಜಿ ಆಹ್ವಾನಿಸಿತು. ಅವುಗಳಲ್ಲಿ 1,222 ಅಗ್ನಿಶಾಮಕ, 227 ಚಾಲಕ, 82 ಚಾಲಕ ತಂತ್ರಜ್ಞ ಹಾಗೂ 36 ಠಾಣಾಧಿಕಾರಿ ಹುದ್ದೆಗಳಿದ್ದವು. ಹತ್ತರಲ್ಲಿ ಏಳಕ್ಕೂ ಹೆಚ್ಚು ಹುದ್ದೆಗಳು ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ತೆರೆದಿದ್ದವೆಂಬುದು ಗ್ರಾಮೀಣ ಅಭ್ಯರ್ಥಿಗಳ ದೃಷ್ಟಿಯಿಂದ ಗಮನಾರ್ಹ.

ವಯೋಮಿತಿ, ಎತ್ತರ, ಎದೆಯ ಸುತ್ತಳತೆ, ದೈಹಿಕ ಸಾಮರ್ಥ್ಯದ ಪರೀಕ್ಷೆಗಳು ಹಾಗೂ ಮೀಸಲಾತಿಯ ವಿವರಗಳನ್ನು ಪ್ರತಿಯೊಂದು ನೇಮಕಾತಿಯ ಅಧಿಸೂಚನೆಯೂ ಪ್ರತ್ಯೇಕವಾಗಿ ನಿಗದಿಪಡಿಸುತ್ತದೆ. ಹೀಗಾಗಿ ಹಿಂದಿನ ವರ್ಷದ ನಿಯಮಗಳನ್ನೇ ನಂಬಿ ಸಿದ್ಧತೆ ನಡೆಸುವುದು ಸರಿಯಲ್ಲ. ಓಟ, ಜಿಗಿತ, ಭಾರ ಹೊರುವುದು, ಹಗ್ಗ ಹತ್ತುವುದು ಮೊದಲಾದವುಗಳ ಅಭ್ಯಾಸಕ್ಕೆ ತಾಲ್ಲೂಕು ಕ್ರೀಡಾಂಗಣವೂ ಊರಿನ ಶಾಲೆಯ ಮೈದಾನವೂ ಸಾಕಾಗುತ್ತವೆ. ಉಸಿರಾಟ, ದೃಷ್ಟಿ ಹಾಗೂ ಹೃದಯದ ಆರೋಗ್ಯ ವೈದ್ಯಕೀಯ ಪರೀಕ್ಷೆಯಲ್ಲಿ ನಿರ್ಣಾಯಕವಾದುದರಿಂದ ಬೀಡಿ, ಸಿಗರೇಟು, ಗುಟ್ಕಾಗಳಿಂದ ದೂರವಿರುವುದೂ ಸಿದ್ಧತೆಯ ಭಾಗವೇ ಆಗಿದೆ.

ಖಾಸಗಿ ಪ್ರಮಾಣಪತ್ರಗಳ ಸ್ಥಾನ

'ಫೈರ್ ಅಂಡ್ ಸೇಫ್ಟಿ' ಎಂಬ ಹೆಸರಿನಲ್ಲಿ ಹಲವು ಖಾಸಗಿ ಸಂಸ್ಥೆಗಳು ಶುಲ್ಕ ಪಡೆದು ಪ್ರಮಾಣಪತ್ರ ಹಾಗೂ ಡಿಪ್ಲೊಮಾ ನೀಡುತ್ತವೆ. ಕಾರ್ಖಾನೆ, ಗಣಿ, ನಿರ್ಮಾಣ ಕಾಮಗಾರಿ ಮತ್ತು ವಿದೇಶದ ತೈಲ ಘಟಕಗಳಲ್ಲಿ ಸುರಕ್ಷತಾ ಸಿಬ್ಬಂದಿಯಾಗಿ ಸೇರಲು ಇಂಥ ಶಿಕ್ಷಣ ನೆರವಾಗಬಹುದು. ಆದರೆ ಸರ್ಕಾರಿ ಸೇವೆಯ ಅಗ್ನಿಶಾಮಕ ಹುದ್ದೆಗೆ ಇದು ಅಗತ್ಯವಾದ ಅರ್ಹತೆಯಲ್ಲ. ಬೆಂಕಿ ನಂದಿಸುವ ವಿದ್ಯೆಯನ್ನು ಆಯ್ಕೆಯಾದ ನಂತರ ಇಲಾಖೆಯೇ ಕಲಿಸುತ್ತದೆ. ಈ ವ್ಯತ್ಯಾಸವನ್ನು ತಿಳಿಯದೆ ಪ್ರಮಾಣಪತ್ರವಿದ್ದರೆ ನೌಕರಿ ಖಚಿತವೆಂದು ನಂಬಿ ಸಾಲ ಮಾಡುವ ಕುಟುಂಬಗಳಿಗೆ ಹಣದ ಜೊತೆಗೆ ಮಕ್ಕಳ ಅರ್ಜಿ ಸಲ್ಲಿಸುವ ವಯಸ್ಸೂ ಕೈಬಿಟ್ಟು ಹೋಗುವ ಅಪಾಯವಿದೆ. ಸೇರುವ ಮೊದಲು ಆ ಶಿಕ್ಷಣಕ್ಕೆ ಮಾನ್ಯತೆ ನೀಡಿದವರು ಯಾರು, ಅದು ಯಾವ ಹುದ್ದೆಗೆ ಅನ್ವಯಿಸುತ್ತದೆ ಎಂಬುದನ್ನು ವಿಚಾರಿಸುವುದು ಒಳಿತು. ಹತ್ತಿರದ ಅಗ್ನಿಶಾಮಕ ಠಾಣೆಯಲ್ಲಿಯೂ ಮಾಹಿತಿ ಕೇಳಬಹುದು.

ತರಬೇತಿ ಸಂಸ್ಥೆಗಳು

ರಾಜ್ಯದ ಅಗ್ನಿಶಾಮಕ ಸಿಬ್ಬಂದಿಯ ತರಬೇತಿಗೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಆರ್.ಎ. ಮುಂಡ್ಕೂರ್ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಅಕಾಡೆಮಿ ಇದೆ. ಹಿರಿಯೂರಿನಿಂದ ಬೆಂಗಳೂರು ಸುಮಾರು 160 ಕಿ.ಮೀ., ಚಿತ್ರದುರ್ಗದಿಂದ ಸುಮಾರು 200 ಕಿ.ಮೀ. ದೂರದಲ್ಲಿದೆ.

ಉನ್ನತ ಶಿಕ್ಷಣಕ್ಕೆ ದೇಶದ ಪ್ರಮುಖ ಸಂಸ್ಥೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು. ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿರುವ ಇದು 1956ರಲ್ಲಿ ಉತ್ತರ ಪ್ರದೇಶದ ರಾಂಪುರದಲ್ಲಿ ಆರಂಭವಾಗಿ, ಮರುವರ್ಷ ನಾಗಪುರಕ್ಕೆ ಸ್ಥಳಾಂತರಗೊಂಡಿತು. ವಿವಿಧ ರಾಜ್ಯಗಳ ಸೇವಾನಿರತ ಅಧಿಕಾರಿಗಳು ಇಲ್ಲಿ ಹೆಚ್ಚಿನ ತರಬೇತಿ ಪಡೆಯುತ್ತಾರೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ಇಲ್ಲಿನ ಅಗ್ನಿಶಾಮಕ ಎಂಜಿನಿಯರಿಂಗ್ ಪದವಿಗೆ ಸೇರಬಹುದು. ಭಾರತದ ಮೊದಲ ಮಹಿಳಾ ಅಗ್ನಿಶಾಮಕ ಅಧಿಕಾರಿಯೆಂದು ಹೆಸರಾದ ಹರ್ಷಿಣಿ ಕಾನ್ಹೇಕರ್ ಇದೇ ಕಾಲೇಜಿನ ಪದವೀಧರೆ.

ಮೂಲ ತರಬೇತಿಯ ವಿಷಯಗಳು

ತರಬೇತಿಯಲ್ಲಿ ತರಗತಿಯ ಪಾಠ ಮತ್ತು ಮೈದಾನದ ಕವಾಯತು ಜೊತೆಯಾಗಿ ಸಾಗುತ್ತವೆ. ಇಂಧನ, ಆಮ್ಲಜನಕ ಮತ್ತು ಶಾಖ ಒಂದೆಡೆ ಸೇರಿದಾಗ ಬೆಂಕಿ ಹುಟ್ಟುತ್ತದೆ. ಇವುಗಳಲ್ಲಿ ಒಂದನ್ನು ತೆಗೆದರೂ ಆರುತ್ತದೆ ಎಂಬುದು ಮೊದಲ ಪಾಠ. ಕಟ್ಟಿಗೆ, ಬಟ್ಟೆಗಳಂಥ ಘನವಸ್ತುಗಳ ಬೆಂಕಿಗೆ ನೀರು ಸೂಕ್ತ. ಪೆಟ್ರೋಲ್, ಡೀಸೆಲ್‌ಗಳಿಗೆ ನೊರೆ ಬೇಕು. ವಿದ್ಯುತ್ ಹರಿಯುತ್ತಿರುವ ಉಪಕರಣಗಳಿಗೆ ಮೊದಲು ಸಂಪರ್ಕ ಕಡಿದು ಒಣ ಪುಡಿ ಅಥವಾ ಇಂಗಾಲದ ಡೈಆಕ್ಸೈಡ್ ಬಳಸಬೇಕು. ಕಾದ ಎಣ್ಣೆಯ ಬಾಣಲೆಗೆ ನೀರು ಸುರಿದರೆ ಬೆಂಕಿ ಸಿಡಿಯುವುದೇಕೆಂಬುದಕ್ಕೂ ಇಲ್ಲಿ ಉತ್ತರವಿದೆ: ಒಂದು ಲೀಟರ್ ನೀರು ಆವಿಯಾದಾಗ ಸುಮಾರು 1,700 ಲೀಟರಿನಷ್ಟು ಹಿಗ್ಗುತ್ತದೆ, ಆ ರಭಸಕ್ಕೆ ಉರಿಯುವ ಎಣ್ಣೆ ಹೊರಚೆಲ್ಲುತ್ತದೆ.

ಮೈದಾನದಲ್ಲಿ ಕೊಳವೆ ಬಿಚ್ಚಿ ಜೋಡಿಸುವುದು, ಏಣಿ ಹತ್ತುವುದು, ಪಂಪು ನಡೆಸುವುದು, ಹಗ್ಗದ ಗಂಟುಗಳು, ಪ್ರಜ್ಞೆ ತಪ್ಪಿದವರನ್ನು ಹೊತ್ತು ಇಳಿಸುವುದು, ಹೊಗೆ ತುಂಬಿದ ಕೋಣೆಯಲ್ಲಿ ಉಸಿರಾಟದ ಉಪಕರಣ ಧರಿಸಿ ಶೋಧಿಸುವುದು ಮತ್ತು ಪ್ರಥಮ ಚಿಕಿತ್ಸೆಯ ಅಭ್ಯಾಸ ನಡೆಯುತ್ತದೆ. ಕವಾಯತಿನಲ್ಲಿ ಪ್ರತಿಯೊಬ್ಬರಿಗೂ ಒಂದು ಸ್ಥಾನ ಮತ್ತು ಒಂದು ಕೆಲಸ ಗೊತ್ತಾಗಿರುತ್ತದೆ. ಕತ್ತಲೆ, ಕೂಗಾಟಗಳ ನಡುವೆ ಆದೇಶ ಕೇಳಿಸದಿದ್ದರೂ ಕೈಗಳು ತಾವಾಗಿಯೇ ಕೆಲಸ ಮಾಡುವಂತಾಗುವುದು ಈ ಪುನರಾವರ್ತನೆಯ ಉದ್ದೇಶ.

ಜಿಲ್ಲೆಯ ವಿಶೇಷ ಅಗತ್ಯಗಳು

ನೀರು: ಸಾಮಾನ್ಯ ಗಾತ್ರದ ಜಲವಾಹನವೊಂದು ಸುಮಾರು 4,500 ಲೀಟರ್ ನೀರು ಒಯ್ಯುತ್ತದೆ. ನಿಮಿಷಕ್ಕೆ 450 ಲೀಟರ್ ಚಿಮ್ಮುವ ಒಂದು ಕೊಳವೆಯನ್ನು ಬಳಸಿದರೆ ಅದು ಹತ್ತು ನಿಮಿಷದಲ್ಲಿ ಬರಿದಾಗುತ್ತದೆ. ಆಮೇಲೆ ಕೆರೆ, ಕಟ್ಟೆ, ಬಾವಿಗಳನ್ನು ಅವಲಂಬಿಸಬೇಕು. ಪಂಪು ಎಷ್ಟೇ ಬಲಶಾಲಿಯಾಗಿದ್ದರೂ, ವಾಯುಮಂಡಲದ ಒತ್ತಡದ ಮಿತಿಯಿಂದಾಗಿ, ವಾಸ್ತವದಲ್ಲಿ ಸುಮಾರು 7 ಮೀಟರಿಗಿಂತ ಕೆಳಗಿನ ನೀರನ್ನು ಹೀರಿ ಎತ್ತಲಾರದು. ಬಯಲುಸೀಮೆಯ ಆಳವಾದ ಬಾವಿಗಳಲ್ಲಿ ನೀರು ಕಣ್ಣಿಗೆ ಕಂಡರೂ ಜಲವಾಹನಕ್ಕೆ ದಕ್ಕದಿರಬಹುದು. ಆದ್ದರಿಂದ ಯಾವ ಊರಿನ ಕೆರೆಯಲ್ಲಿ ಬೇಸಿಗೆಯಲ್ಲೂ ನೀರಿದೆ, ಯಾರ ತೋಟದಲ್ಲಿ ತುಂಬಿದ ಕೃಷಿಹೊಂಡವಿದೆ, ಅಲ್ಲಿಯವರೆಗೆ ವಾಹನ ಹೋಗುವ ದಾರಿ ಇದೆಯೇ ಎಂಬ ತಿಳಿವಳಿಕೆ ಠಾಣೆಗೆ ಹೊಸದಾಗಿ ಬಂದವರ ಮೊದಲ ಸ್ಥಳೀಯ ಪಾಠವಾಗುತ್ತದೆ.

ಬಣವೆ ಮತ್ತು ಕಣ: ಸುಗ್ಗಿಯ ನಂತರ ಹುಲ್ಲು, ಮೆಕ್ಕೆಜೋಳದ ದಂಟು, ಶೇಂಗಾ ಹೊಟ್ಟುಗಳ ಬಣವೆಗೆ ಬೆಂಕಿ ಬೀಳುವುದುಂಟು. ಬಣವೆಯ ಮೇಲೆ ಸುರಿದ ನೀರು ಒಳಗಿಳಿಯುವುದಿಲ್ಲ. ಮೇಲೆ ಆರಿದಂತೆ ಕಂಡರೂ ಒಳಗೆ ಕೆಂಡ ಉಳಿಯುತ್ತದೆ. ಬಣವೆಯನ್ನು ಬಿಡಿಸುತ್ತಾ, ಪದರ ಪದರವಾಗಿ ನೆನೆಸಬೇಕಾಗುತ್ತದೆ. ಹತ್ತಿಯ ಮೂಟೆಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಹೆದ್ದಾರಿ: ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು ಮತ್ತು ಚಿತ್ರದುರ್ಗಗಳ ಮೂಲಕ ಹಾದುಹೋಗುತ್ತದೆ. 2020ರ ಆಗಸ್ಟ್ 12ರ ನಸುಕಿನಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಹಿರಿಯೂರು ತಾಲ್ಲೂಕಿನ ಕೆ.ಆರ್. ಹಳ್ಳಿಯ ಬಳಿ ಬೆಂಕಿಗೆ ಆಹುತಿಯಾಗಿ, ಮಕ್ಕಳೂ ಸೇರಿ ಐವರು ಸಜೀವ ದಹನವಾದರು. ನಿದ್ರಿಸುವ ಪ್ರಯಾಣಿಕರಿರುವ ವಾಹನದಲ್ಲಿ ಬೆಂಕಿ ಹರಡಲು ಕೆಲವೇ ನಿಮಿಷ ಸಾಕು. ಆದ್ದರಿಂದ ಲೋಹ ಕತ್ತರಿಸುವ ಉಪಕರಣಗಳ ಬಳಕೆ, ಕಿಟಕಿಯ ಗಾಜು ಒಡೆದು ಜನರನ್ನು ಹೊರತೆಗೆಯುವುದು ಹಾಗೂ ಟ್ಯಾಂಕರ್ ಸೋರಿಕೆಯ ನಿರ್ವಹಣೆ ಇಲ್ಲಿನ ಸಿಬ್ಬಂದಿಗೆ ಅತ್ಯವಶ್ಯ ಕೌಶಲಗಳು. ಹಳ್ಳಿಯ ರಸ್ತೆಗಳಲ್ಲಿ ಒಕ್ಕಣೆಗೆಂದು ಹರಡಿದ ಹುರುಳಿ ಬಳ್ಳಿಯು ಕಾರುಗಳ ತಳಭಾಗಕ್ಕೆ ಸುತ್ತಿಕೊಂಡು ಹೊತ್ತಿಕೊಳ್ಳುವುದೂ ಈ ಸೀಮೆಗೆ ಪರಿಚಿತವಾದ ಅಪಾಯ.

ಬೆಟ್ಟ ಮತ್ತು ಕಾಡು: ಚಿತ್ರದುರ್ಗದ ಸಮೀಪದ ಜೋಗಿಮಟ್ಟಿ ಅರಣ್ಯದಲ್ಲಿ ಬೇಸಿಗೆಯಲ್ಲಿ ಹುಲ್ಲು ಒಣಗಿ ಬೆಂಕಿಯ ಭೀತಿ ಇರುತ್ತದೆ. ಜಲವಾಹನ ಏರಲಾರದ ಇಳಿಜಾರಿನಲ್ಲಿ ಹಸಿ ಸೊಪ್ಪಿನಿಂದ ಬಡಿದು ಆರಿಸುವುದು, ಬೆಂಕಿರೇಖೆಯನ್ನು ಬಳಸಿ ಹರಡದಂತೆ ತಡೆಯುವುದು ಮುಖ್ಯ. ಕಾಡಿನ ಬೆಂಕಿ ಅರಣ್ಯ ಇಲಾಖೆಯ ಹೊಣೆಯಾದುದರಿಂದ ಆ ಸಿಬ್ಬಂದಿಯೊಡನೆ ಕೂಡಿ ಕೆಲಸ ಮಾಡುವುದನ್ನೂ ಕಲಿಯಬೇಕಾಗುತ್ತದೆ. ಬೆಂಕಿ ಗಾಳಿಯೊಡನೆ ಇಳಿಜಾರಿನಲ್ಲಿ ಮೇಲ್ಮುಖವಾಗಿ ವೇಗವಾಗಿ ಏರುವುದರಿಂದ ಅದರ ಮೇಲ್ಭಾಗದಲ್ಲಿ ನಿಲ್ಲಬಾರದೆಂಬುದು ಜೀವ ಉಳಿಸುವ ನಿಯಮ.

ಜಲ ಮತ್ತು ಕೊಳವೆಬಾವಿ ರಕ್ಷಣೆ: ಬರಕ್ಕೆ ಹೆಸರಾದ ಜಿಲ್ಲೆಗೂ ನೆರೆ ತಪ್ಪಿದ್ದಲ್ಲ. ವೇದಾವತಿಗೆ ಹಿರಿಯೂರು ತಾಲ್ಲೂಕಿನಲ್ಲಿ ಕಟ್ಟಿರುವ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಹರಿಯಿತು. ಒಣನೆಲದ ಠಾಣೆಗೂ ಈಜು, ದೋಣಿ ಮತ್ತು ಹಗ್ಗದ ವಿದ್ಯೆ ಬೇಕೆಂಬುದನ್ನು ಇದು ತೋರಿಸಿತು. ಕೊಳವೆಬಾವಿಗೆ ಬಿದ್ದ ಮಕ್ಕಳ ರಕ್ಷಣೆಗೆ ಇನ್ನೂ ಸೂಕ್ಷ್ಮವಾದ ತರಬೇತಿ ಬೇಕು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪಕ್ಕದಲ್ಲಿ ಗುಂಡಿ ತೋಡಿ, ಅಲ್ಲಿಂದ ಅಡ್ಡ ಸುರಂಗ ಕೊರೆದು, ಸುಮಾರು 20 ಗಂಟೆಗಳ ನಂತರ ಎರಡು ವರ್ಷದೊಳಗಿನ ಮಗುವನ್ನು ಜೀವಂತವಾಗಿ ಹೊರತೆಗೆಯಲಾಯಿತು.

ಸಾರ್ವಜನಿಕರ ಪಾತ್ರ

ಹೊಸದುರ್ಗ ಅಥವಾ ಹೊಳಲ್ಕೆರೆಯ ಠಾಣೆಯಿಂದ ತಾಲ್ಲೂಕಿನ ಅಂಚಿನ ಹಳ್ಳಿಗೆ ವಾಹನ ತಲುಪುವವರೆಗಿನ ಸಮಯದಲ್ಲಿ ಬೆಂಕಿಯೆದುರು ಇರುವವರು ಊರಿನವರೇ. 101 ಅಥವಾ 112ಕ್ಕೆ ಕರೆ ಮಾಡಿ ಊರು, ದಾರಿಯ ಗುರುತು, ಹೊತ್ತಿಕೊಂಡ ವಸ್ತು, ಸಿಕ್ಕಿಕೊಂಡವರ ಸಂಖ್ಯೆ ಮತ್ತು ಹತ್ತಿರದ ನೀರಿನ ನೆಲೆಯನ್ನು ತಿಳಿಸಿದರೆ ಸಿಬ್ಬಂದಿ ಸಜ್ಜಾಗಿ ಬರಲು ಅನುಕೂಲ. ಅಡುಗೆ ಅನಿಲದ ವಾಸನೆ ಬಂದಾಗ ವಿದ್ಯುತ್ ಗುಂಡಿಗಳನ್ನು ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಬರುವುದು. ಬಟ್ಟೆಗೆ ಬೆಂಕಿ ತಗುಲಿದವರು ಓಡದೆ ನೆಲದ ಮೇಲೆ ಉರುಳುವುದು. ಹೊಗೆಯಲ್ಲಿ ನೆಲಕ್ಕೆ ಬಾಗಿ ಸಾಗುವುದು ಇವು ಶಾಲೆಗಳ ಅಣಕು ಪ್ರದರ್ಶನಗಳಲ್ಲಿ ಕಲಿಸಬಹುದಾದ ಪಾಠಗಳು. ಗೃಹರಕ್ಷಕ ದಳ, ಎನ್‌ಸಿಸಿ ಹಾಗೂ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಪಡೆದ ಶಿಸ್ತು ಮತ್ತು ಪ್ರಥಮ ಚಿಕಿತ್ಸೆಯ ಜ್ಞಾನ ಮುಂದೆ ಈ ವೃತ್ತಿಯನ್ನು ಆಯ್ದುಕೊಳ್ಳುವವರಿಗೆ ಉತ್ತಮ ತಳಹದಿಯಾಗುತ್ತದೆ.