ಪರೀಕ್ಷೆಗಳಲ್ಲಿ ಧ್ವನಿರೂಪದ ಪ್ರಶ್ನೆಪತ್ರಿಕೆ ಮತ್ತು ಚಿತ್ರವಿವರಣೆ: ದೃಷ್ಟಿದೋಷವುಳ್ಳ ಅಭ್ಯರ್ಥಿಗಳಿಗೆ ಮಾಹಿತಿ

1. ಪೀಠಿಕೆ

ಸಾರ್ವಜನಿಕ ಪರೀಕ್ಷೆಯ ಉದ್ದೇಶವು ಅಭ್ಯರ್ಥಿಯ ವಿಷಯಜ್ಞಾನವನ್ನು ಅಳೆಯುವುದೇ ಹೊರತು ಆತನ ದೃಷ್ಟಿಶಕ್ತಿಯನ್ನು ಅಳೆಯುವುದಲ್ಲ. ಮುದ್ರಿತ ಪ್ರಶ್ನೆಪತ್ರಿಕೆಯನ್ನು ಓದಲಾಗದ ಅಭ್ಯರ್ಥಿಗೆ ಅದೇ ಪ್ರಶ್ನೆಗಳನ್ನು ಧ್ವನಿಯ ಮೂಲಕವೂ, ನಕ್ಷೆ ಹಾಗೂ ಚಿತ್ರಗಳನ್ನು ಮಾತಿನ ವಿವರಣೆಯ ಮೂಲಕವೂ ಒದಗಿಸುವುದು ರಿಯಾಯಿತಿಯಲ್ಲ. ಅದು ಸಮಾನ ಅವಕಾಶದ ಭಾಗವಾಗಿರುತ್ತದೆ. ಈ ಸೌಲಭ್ಯಗಳ ಸ್ವರೂಪ ಹಾಗೂ ಅವುಗಳನ್ನು ಕೋರುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

2. ಕಾನೂನಿನ ಆಧಾರ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-04-2017ರಿಂದ ಜಾರಿಯಲ್ಲಿದೆ. ಇದರ 17ನೇ ಪ್ರಕರಣವು ವಿಕಲಚೇತನ ವಿದ್ಯಾರ್ಥಿಗಳ ಅಗತ್ಯಕ್ಕೆ ತಕ್ಕಂತೆ ಪರೀಕ್ಷಾ ಪದ್ಧತಿಯಲ್ಲಿ ಸೂಕ್ತ ಮಾರ್ಪಾಡು ಮಾಡುವಂತೆ ತಿಳಿಸುತ್ತದೆ. ಹೆಚ್ಚುವರಿ ಸಮಯ ಹಾಗೂ ಲಿಪಿಕಾರರ ಸಹಾಯ ಇದರಲ್ಲಿ ಸೇರಿವೆ.

ಭಾರತ ಸರ್ಕಾರವು ದಿನಾಂಕ 29-08-2018ರಂದು ಹೊರಡಿಸಿದ ಮಾರ್ಗಸೂಚಿಗಳಲ್ಲಿ, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರು ಬ್ರೈಲ್, ಗಣಕಯಂತ್ರ, ದೊಡ್ಡ ಅಕ್ಷರದ ಮುದ್ರಣ ಅಥವಾ ಉತ್ತರಗಳ ಧ್ವನಿಮುದ್ರಣ ಇವುಗಳಲ್ಲಿ ತಮಗೆ ಅನುಕೂಲವಾದ ವಿಧಾನವನ್ನು ಆಯ್ದುಕೊಳ್ಳಲು ಅವಕಾಶವಿರಬೇಕೆಂದೂ, ಪ್ರತಿ ಒಂದು ಗಂಟೆಗೆ ಕನಿಷ್ಠ 20 ನಿಮಿಷಗಳ ಪರಿಹಾರ ಸಮಯ ನೀಡಬೇಕೆಂದೂ ಸೂಚಿಸಲಾಗಿತ್ತು. ಲಿಪಿಕಾರರ ಸೌಲಭ್ಯವನ್ನು ಶೇಕಡಾ 40ರ ಮಿತಿಯೊಳಗೆ ಸೀಮಿತಗೊಳಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ದಿನಾಂಕ 11-02-2021ರಂದು ತೀರ್ಪು ನೀಡಿತು. ಅದನ್ನನುಸರಿಸಿ, ಶೇಕಡಾ 40ಕ್ಕಿಂತ ಕಡಿಮೆ ಅಂಗವೈಕಲ್ಯವಿದ್ದು ಬರೆಯಲು ತೊಂದರೆಯುಳ್ಳವರಿಗಾಗಿ 2022ರ ಆಗಸ್ಟ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಲಾಯಿತು. ಇಂತಹ ಮಾರ್ಗಸೂಚಿಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ, ಅಭ್ಯರ್ಥಿಗಳು ತಾವು ಬರೆಯಲಿರುವ ಪರೀಕ್ಷೆಯ ಅಧಿಸೂಚನೆಯನ್ನು ತಪ್ಪದೇ ಪರಿಶೀಲಿಸತಕ್ಕದ್ದು.

3. ಧ್ವನಿರೂಪದ ಪ್ರಶ್ನೆಪತ್ರಿಕೆ

ಪ್ರಶ್ನೆಗಳನ್ನು ಮೂರು ವಿಧಗಳಲ್ಲಿ ಕೇಳಿಸಬಹುದು: ಓದುವ ಸಹಾಯಕರ ಮೂಲಕ, ಮೊದಲೇ ಧ್ವನಿಮುದ್ರಿಸಿದ ಕಡತದ ಮೂಲಕ, ಅಥವಾ ಗಣಕಯಂತ್ರದ ಪರದೆಯನ್ನು ಓದುವ ತಂತ್ರಾಂಶದ ಮೂಲಕ. ಮೂರನೆಯ ವಿಧದಲ್ಲಿ ಅಭ್ಯರ್ಥಿಯು ವೇಗವನ್ನು ತಾನೇ ನಿಯಂತ್ರಿಸಬಹುದು, ಬೇಕಾದಷ್ಟು ಬಾರಿ ಹಿಂದಿರುಗಿ ಕೇಳಬಹುದು ಮತ್ತು ಪದಗಳನ್ನು ಅಕ್ಷರವಾಗಿ ಬಿಡಿಸಿ ಕೇಳಬಹುದು. ಎನ್‌ವಿಡಿಎ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತಿದ್ದು, ಇದರ ಮೂಲಕ ಕನ್ನಡ ಪಠ್ಯವನ್ನೂ ಕೇಳಬಹುದಾಗಿದೆ.

ಕನ್ನಡ ಪ್ರಶ್ನೆಪತ್ರಿಕೆಗಳಲ್ಲಿ ಎರಡು ಅಂಶಗಳು ಮುಖ್ಯವಾಗಿವೆ:

ಅ) ಪಠ್ಯವು ಯೂನಿಕೋಡ್‌ನಲ್ಲಿರಬೇಕು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಡತವು ಕಣ್ಣಿಗೆ ಕನ್ನಡವಾಗಿ ಕಂಡರೂ ತಂತ್ರಾಂಶವು ಅದನ್ನು ಅರ್ಥವಿಲ್ಲದ ಚಿಹ್ನೆಗಳಾಗಿ ಓದುತ್ತದೆ. ಕಾಗದವನ್ನು ಸ್ಕ್ಯಾನ್ ಮಾಡಿದ ಕಡತವು ಬರಿಯ ಚಿತ್ರವಾದ್ದರಿಂದ ಅದರಲ್ಲಿ ಓದಲು ಪಠ್ಯವೇ ಇರುವುದಿಲ್ಲ.

ಆ) ಕಾಗುಣಿತದ ಪ್ರಶ್ನೆಗಳನ್ನು ಅಕ್ಷರಶಃ ಬಿಡಿಸಿ ಓದಬೇಕು. 'ವಿಷಯ' ಹಾಗೂ 'ವಿಶಯ' ಇವುಗಳಲ್ಲಿ ಸರಿಯಾದುದನ್ನು ಆರಿಸಲು ಹೇಳಿದಾಗ, ಒಟ್ಟಾಗಿ ಉಚ್ಚರಿಸಿದರೆ ವ್ಯತ್ಯಾಸ ತಿಳಿಯದೆ ಹೋಗಬಹುದು.

ಗಣಿತದಲ್ಲಿಯೂ ಓದುವ ಕ್ರಮದಿಂದ ಉತ್ತರವೇ ಬದಲಾಗುತ್ತದೆ. 'ಆರು ಕೂಡಿಸು ನಾಲ್ಕು ಭಾಗಿಸು ಎರಡು' ಎಂದಷ್ಟೇ ಓದಿದಲ್ಲಿ ಉತ್ತರವು 8 ಎಂದಾಗುತ್ತದೆ. ಮುದ್ರಣದಲ್ಲಿ ಆರು ಮತ್ತು ನಾಲ್ಕು ಎರಡೂ ಗೆರೆಯ ಮೇಲಿದ್ದರೆ ಸರಿಯಾದ ಉತ್ತರ 5. ಆದುದರಿಂದ 'ಭಿನ್ನರಾಶಿ ಆರಂಭ, ಅಂಶ ಆರು ಕೂಡಿಸು ನಾಲ್ಕು, ಛೇದ ಎರಡು, ಭಿನ್ನರಾಶಿ ಮುಕ್ತಾಯ' ಎಂದು ಓದುವುದು ಸೂಕ್ತ.

4. ಚಿತ್ರವಿವರಣೆ

ಚಿತ್ರವಿವರಣೆಯು ನೋಡುವವರಿಗೆ ದೊರೆಯುವ ಮಾಹಿತಿಯನ್ನು ಪೂರ್ಣವಾಗಿ ನೀಡಬೇಕು. ಆದರೆ ಉತ್ತರವನ್ನು ಸೂಚಿಸಬಾರದು. ಉದಾಹರಣೆಗೆ, ನಾಲ್ಕು ವರ್ಷಗಳ ರಾಗಿ ಇಳುವರಿಯ ಸ್ತಂಭಾಲೇಖ ನೀಡಿ, ಹಿಂದಿನ ವರ್ಷಕ್ಕಿಂತ ಅತಿ ಹೆಚ್ಚಿನ ಏರಿಕೆ ಯಾವ ವರ್ಷದಲ್ಲಾಯಿತೆಂದು ಕೇಳಲಾಗಿದೆ ಎಂದು ಭಾವಿಸಬಹುದು.

ಸರಿಯಾದ ವಿವರಣೆ: 'ಸ್ತಂಭಾಲೇಖ. ಲಂಬ ಅಕ್ಷದಲ್ಲಿ ಇಳುವರಿ, ಟನ್‌ಗಳಲ್ಲಿ. ಮೊದಲನೆಯ ವರ್ಷ 20, ಎರಡನೆಯ ವರ್ಷ 35, ಮೂರನೆಯ ವರ್ಷ 30, ನಾಲ್ಕನೆಯ ವರ್ಷ 40.'

ತಪ್ಪು ವಿವರಣೆ: 'ನಾಲ್ಕು ಸ್ತಂಭಗಳಿರುವ ಚಿತ್ರ.' ಇದರಿಂದ ಪ್ರಶ್ನೆ ಬಿಡಿಸಲಾಗದು. 'ಎರಡನೆಯ ವರ್ಷದಲ್ಲಿ ಇಳುವರಿ ಹೆಚ್ಚು ಏರಿದೆ' ಎಂಬುದೂ ತಪ್ಪು. ಇದರಿಂದ ಉತ್ತರವೇ ದೊರೆಯುತ್ತದೆ.

ವಿವರಣೆಯನ್ನು ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ವಿಷಯತಜ್ಞರೇ ಮುಂಚಿತವಾಗಿ ಬರೆದಿಡುವುದು ಅಗತ್ಯ. ಇದನ್ನು ಕೊಠಡಿಯಲ್ಲಿರುವ ಸಹಾಯಕರಿಗೆ ಬಿಟ್ಟಲ್ಲಿ ಒಬ್ಬ ಅಭ್ಯರ್ಥಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಮಾಹಿತಿ ದೊರೆತು ಅನ್ಯಾಯವಾಗುವ ಸಂಭವವಿರುತ್ತದೆ. ಮಾತಿನಲ್ಲಿ ವಿವರಿಸಲಾಗದ ಚಿತ್ರವಿದ್ದಲ್ಲಿ, ಅದೇ ಜ್ಞಾನವನ್ನು ಪರೀಕ್ಷಿಸುವ ಪರ್ಯಾಯ ಪ್ರಶ್ನೆಯನ್ನು ನೀಡಬೇಕಾಗುತ್ತದೆ.

5. ಅಭ್ಯರ್ಥಿಗಳು ಅನುಸರಿಸಬೇಕಾದ ಕ್ರಮ

1) ಅಂಗವೈಕಲ್ಯ ಪ್ರಮಾಣಪತ್ರ ಅಥವಾ ಯುಡಿಐಡಿ ಗುರುತಿನ ಚೀಟಿಯನ್ನು ಅರ್ಜಿ ಸಲ್ಲಿಸುವ ಮೊದಲೇ ಪಡೆದಿಟ್ಟುಕೊಳ್ಳುವುದು.
2) ಅರ್ಜಿಯಲ್ಲಿ ಅಂಗವೈಕಲ್ಯದ ಅಂಕಣವನ್ನು ತಪ್ಪದೇ ಭರ್ತಿ ಮಾಡುವುದು.
3) ಬೇಕಾದ ಸೌಲಭ್ಯವನ್ನು ನಿರ್ದಿಷ್ಟವಾಗಿ ಲಿಖಿತದಲ್ಲಿ ಕೋರುವುದು. 'ಸಹಾಯ ಬೇಕು' ಎಂಬ ಬದಲಿಗೆ 'ಕನ್ನಡ ಓದುವ ಪರದೆ ತಂತ್ರಾಂಶ, ಎಲ್ಲಾ ಚಿತ್ರಗಳಿಗೆ ಲಿಖಿತ ವಿವರಣೆ' ಎಂದು ಬರೆಯುವುದು.
4) ಮನವಿಯ ಸ್ವೀಕೃತಿಯನ್ನು ಪಡೆದು ಕಾಪಾಡಿಕೊಳ್ಳುವುದು.
5) ಗಣಕಯಂತ್ರದಲ್ಲಿ ಪರೀಕ್ಷೆ ಬರೆಯುವವರು ಒಂದು ದಿನ ಮುಂಚಿತವಾಗಿ ಯಂತ್ರವನ್ನು ಪರಿಶೀಲಿಸಲು ಅವಕಾಶ ಕೋರುವುದು. ಕನ್ನಡ ಧ್ವನಿ, ಕೀಲಿಮಣೆ ಹಾಗೂ ಶ್ರವಣಸಾಧನ ಸರಿಯಿವೆಯೇ ಎಂದು ನೋಡಿಕೊಳ್ಳುವುದು.
6) ಪರೀಕ್ಷೆಯ ವೇಳೆ ಯಾವುದೇ ಚಿತ್ರಕ್ಕೆ ವಿವರಣೆ ಇಲ್ಲದಿದ್ದಲ್ಲಿ, ಪ್ರಶ್ನೆಯ ಸಂಖ್ಯೆಯೊಂದಿಗೆ ಕೊಠಡಿ ಮೇಲ್ವಿಚಾರಕರಿಗೆ ಕೂಡಲೇ ತಿಳಿಸಿ ದಾಖಲಿಸುವಂತೆ ಕೋರುವುದು. ಫಲಿತಾಂಶದ ನಂತರ ಇದನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ.

6. ಕುಂದುಕೊರತೆ ನಿವಾರಣೆ

ಅಧಿನಿಯಮದ 23ನೇ ಪ್ರಕರಣದಂತೆ ಪ್ರತಿ ಸರ್ಕಾರಿ ಸಂಸ್ಥೆಯು ಕುಂದುಕೊರತೆ ನಿವಾರಣಾ ಅಧಿಕಾರಿಯನ್ನು ನೇಮಿಸತಕ್ಕದ್ದು. ಪರೀಕ್ಷೆ ನಡೆಸುವ ಸಂಸ್ಥೆಯಿಂದ ಪರಿಹಾರ ದೊರೆಯದಿದ್ದಲ್ಲಿ, ರಾಜ್ಯದ ಪರೀಕ್ಷೆಗಳ ವಿಷಯದಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ದೂರಿನೊಂದಿಗೆ ಪ್ರವೇಶಪತ್ರ, ಅಂಗವೈಕಲ್ಯ ಪ್ರಮಾಣಪತ್ರ, ಮನವಿ ಮತ್ತು ಅದರ ಸ್ವೀಕೃತಿಯ ಪ್ರತಿಗಳನ್ನು ಲಗತ್ತಿಸುವುದು.