ರೋಬೋಟ್ ಚಾಂಪಿಯನ್‌ಷಿಪ್: ಯಾವ ತಂಡ ಯಾವ ವಿಭಾಗಕ್ಕೆ?

ಅಮೆರಿಕದ ಸಂಶೋಧಕ ಡೀನ್ ಕಾಮೆನ್ 1989ರಲ್ಲಿ ಸ್ಥಾಪಿಸಿದ ‘ಫಸ್ಟ್’ ಸಂಸ್ಥೆಯು 1992ರಿಂದ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ರೋಬೋಟ್ ಸ್ಪರ್ಧೆ ಏರ್ಪಡಿಸುತ್ತಿದೆ. ಇದರ ಚಾಂಪಿಯನ್‌ಷಿಪ್‌ನಲ್ಲಿ ತಂಡಗಳನ್ನು ವಿಜ್ಞಾನಿಗಳ ಹೆಸರಿನ ವಿಭಾಗಗಳಿಗೆ ಹಂಚಲಾಗುತ್ತದೆ. 2014ರವರೆಗೆ ಆರ್ಕಿಮಿಡೀಸ್, ಕ್ಯೂರಿ, ಗೆಲಿಲಿಯೊ, ನ್ಯೂಟನ್ ಎಂಬ ನಾಲ್ಕೇ ವಿಭಾಗಗಳಿದ್ದವು. 2015ರಲ್ಲಿ ಅವು ಎಂಟಾದವು. ವಿಭಾಗಗಳ ವಿಜೇತರು ‘ಐನ್‌ಸ್ಟೈನ್’ ಅಂಕಣದಲ್ಲಿ ಅಂತಿಮ ಹಣಾಹಣಿ ನಡೆಸುತ್ತಾರೆ.

ಪಂದ್ಯವೊಂದರಲ್ಲಿ ಮೂರು ಮೂರು ರೋಬೋಟ್‌ಗಳ ಎರಡು ಕೂಟಗಳು ಸೆಣಸುತ್ತವೆ. ನಿರ್ಣಾಯಕ ಸುತ್ತಿಗೆ ಮುನ್ನ ಅಗ್ರ ತಂಡಗಳು ತಮ್ಮ ವಿಭಾಗದೊಳಗಿಂದಲೇ ಜೊತೆಗಾರರನ್ನು ಆರಿಸಿಕೊಳ್ಳಬೇಕು. ಹೀಗಾಗಿ ಒಂದೇ ವಿಭಾಗಕ್ಕೆ ಬಿದ್ದ ಇಬ್ಬರು ಬಲಾಢ್ಯರು ಮಿತ್ರರೂ ಆಗಬಹುದು, ಎದುರಾಳಿಗಳೂ ಆಗಬಹುದು. ಪಟ್ಟಿ ಪ್ರಕಟವಾಗುವ ಮುನ್ನವೇ ಊಹೆಗಳು ಗರಿಗೆದರುವುದು ಈ ಕಾರಣಕ್ಕೆ.

ಊಹೆಯ ಸರಳ ವಿಧಾನ ತಂಡದ ಸಂಖ್ಯೆಯನ್ನು ಆಧರಿಸಿದ್ದು. ಸ್ಪರ್ಧೆಗೆ ಸೇರಿದ ಕ್ರಮದಲ್ಲಿ ಸಂಖ್ಯೆ ನೀಡುವುದರಿಂದ ಚಿಕ್ಕ ಸಂಖ್ಯೆಯೆಂದರೆ ಹಳೆಯ ತಂಡ. ಸಂಖ್ಯೆಗಳನ್ನು ಏರಿಕೆಯಲ್ಲಿ ಜೋಡಿಸಿ, ಇಸ್ಪೀಟೆಲೆ ಹಂಚಿದಂತೆ ವಿಭಾಗಗಳಿಗೆ ಹಾಕಿದರೆ ಹಳಬರು, ಹೊಸಬರು ಸಮನಾಗಿ ಹಂಚಿಹೋಗುತ್ತಾರೆ. ಆದರೆ ಅನುಭವವೇ ಬಲವಲ್ಲ. ಆದ್ದರಿಂದ ಲೆಕ್ಕಪ್ರಿಯರು ಹಿಂದಿನ ಪಂದ್ಯಗಳಲ್ಲಿ ಕೂಟ ಗಳಿಸಿದ ಅಂಕಗಳಿಂದ ಒಂದೊಂದು ರೋಬೋಟ್‌ನ ಪಾಲನ್ನು ಸಮೀಕರಣಗಳ ಮೂಲಕ ಅಂದಾಜಿಸಿ, ವಿಭಾಗಗಳ ಬಲಾಬಲ ತೂಗುತ್ತಾರೆ.

ಹಂಚಿಕೆಯಲ್ಲಿ ಯಾದೃಚ್ಛಿಕತೆ ಬೆರೆತರೆ ಯಾವ ಸೂತ್ರವೂ ನಿರ್ದಿಷ್ಟ ತಂಡದ ವಿಭಾಗವನ್ನು ಖಚಿತವಾಗಿ ಹೇಳಲಾರದು. ಹೇಳಬಹುದಾದದ್ದು ಸಂಭವನೀಯತೆಯನ್ನು ಮಾತ್ರ. ಎಲ್ಲ ಪ್ರಬಲ ತಂಡಗಳ ಆಟವನ್ನೂ ಮೊದಲೇ ಅಭ್ಯಸಿಸಿದವರಿಗೆ ಯಾವ ಪಟ್ಟಿ ಬಂದರೂ ಆತಂಕವಿಲ್ಲ.