ಕೂಗಳತೆ: ಒಂದು ಪದದ ಅರ್ಥ ಮತ್ತು ಮೂಲ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ದಾರಿ ಕೇಳಿದವರಿಗೆ 'ಇಲ್ಲೇ, ಒಂದು ಕೂಗಳತೆ' ಎಂಬ ಉತ್ತರ ಸಿಗುವುದುಂಟು. ಕರಾವಳಿಯಿಂದ ಘಟ್ಟ ಹತ್ತಿ ಹೋದ ನಮ್ಮಂಥವರು ಅದನ್ನು ಹತ್ತು ಹೆಜ್ಜೆ ಎಂದು ತಿಳಿದು ಹೊರಟರೆ, ಗುಡ್ಡ ಇಳಿದು, ಗದ್ದೆ ದಾಟಿ, ಹಳ್ಳದ ಸಂಕ ಹಾದು ಮತ್ತೆ ಏರಬೇಕಾಗುತ್ತದೆ. ಹೇಳಿದವರು ಸುಳ್ಳಾಡಿಲ್ಲ. ಅಲ್ಲಿ ನಿಂತು ಕೂಗಿದರೆ ಆ ಮನೆಗೆ ಕೇಳುತ್ತದೆ, ಅಷ್ಟೇ ಅದರ ಅರ್ಥ.

ಕೂಗು ಮತ್ತು ಅಳತೆ ಸೇರಿ ಕೂಗಳತೆ. ಲೋಪಸಂಧಿಗೆ ಒಳ್ಳೆಯ ಉದಾಹರಣೆ. 'ಕೂಗು' ಅಚ್ಚ ದ್ರಾವಿಡ ಪದ. ತಮಿಳಿನಲ್ಲಿ ಕೂವು, ಮಲಯಾಳದಲ್ಲಿ ಕೂವುಕ, ತೆಲುಗಿನಲ್ಲಿ ಕೂಯು. ಎಲ್ಲದರ ಬುಡದಲ್ಲಿರುವುದು 'ಕೂ' ಎಂಬ ದನಿಯೇ. ಮನುಷ್ಯ ಮಾತ್ರವಲ್ಲ, ಕೋಗಿಲೆಯೂ ಕೂಗುತ್ತದೆ, ರೈಲೂ ಕೂಗುತ್ತದೆ. ಪೇತ್ರನು ಮೂರು ಸಲ ಅಲ್ಲಗಳೆದ ರಾತ್ರಿಯ ಕೋಳಿ ಕನ್ನಡ ಬೈಬಲಿನಲ್ಲಿ ಕೂಗುವುದೇ.

ಗಂಟಲಿನಿಂದ ನೆಲವನ್ನು ಅಳೆಯುವುದು ನಮ್ಮದೊಂದೇ ಪದ್ಧತಿಯಲ್ಲ. ತಮಿಳರಲ್ಲಿ 'ಕೂಪ್ಪಿಡು ದೂರಂ' ಇದೆ. ಸಂಸ್ಕೃತದ 'ಕ್ರೋಶ'ಕ್ಕೆ ಮೊದಲ ಅರ್ಥ ಕೂಗು, ಆಮೇಲಿನದು ದೂರದ ಅಳತೆ. ನಾಲ್ಕು ಕ್ರೋಶಕ್ಕೆ ಒಂದು ಯೋಜನ. ಹಿಂದಿಯ 'ಕೋಸ್' ಅದರಿಂದಲೇ ಬಂತು. ಮೊಗಲರು ಹೆದ್ದಾರಿಯಲ್ಲಿ ಕೋಸಿಗೊಂದರಂತೆ ನಿಲ್ಲಿಸಿದ ಮಿನಾರುಗಳು ಕೆಲವು ಇಂದಿಗೂ ಇವೆ. ನಾವು ದಿನವೂ ಓದುವ 'ಆಕ್ರೋಶ' ಕೂಡ ಅದೇ ಧಾತುವಿನ ಮಗು. ಆದರೆ ಕೋಸು ಸುಮಾರು ಎರಡು ಮೈಲಿಗೆ ಬೆಳೆದು ಸರ್ಕಾರಿ ಲೆಕ್ಕಕ್ಕೆ ಸೇರಿತು. ಅಷ್ಟು ದೂರ ಯಾರ ಕೂಗೂ ಕೇಳದು! ನಮ್ಮ ಕೂಗಳತೆ ಮಾತ್ರ ಕೂಗಿನ ಜೊತೆಯಲ್ಲೇ ಉಳಿಯಿತು. ಗಾಳಿ, ಮಳೆ, ಕೂಗುವವನ ಕೊರಳು ಬದಲಾದಂತೆ ಅದೂ ಬದಲಾಗುತ್ತದೆ.

ಮಲೆನಾಡಿನಲ್ಲಿ ಇಂಥ ಅಳತೆ ಬೇಕಾಗಿತ್ತು. ಬಯಲುಸೀಮೆಯಂತೆ ಅಲ್ಲಿ ಮನೆಗಳು ಒತ್ತಾಗಿಲ್ಲ. ತೋಟಕ್ಕೊಂದು ಮನೆ, ನಡುವೆ ಕಾಡು. ಹಾವು ಕಚ್ಚಿದರೆ, ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ, ಕೊನೆಗಾರ ಅಡಿಕೆ ಮರದಿಂದ ಜಾರಿದರೆ ಅಂಗಳದಲ್ಲಿ ನಿಂತು ಉದ್ದಕ್ಕೆ 'ಕೂ' ಹಾಕಬೇಕು. ಕೇಳಿದವನು 'ಓ' ಎನ್ನಬೇಕು. 'ಓಗೊಡು' ಎಂಬ ಕ್ರಿಯಾಪದ ಹುಟ್ಟಿದ್ದು ಹೀಗೆ: ಓ ಎಂಬುದನ್ನು ಕೊಡು. ಇದೇ ಬಳಗದ ಹಳೆಯ ಪದ 'ಪುಯ್ಯಲ್', ಎಂದರೆ ಆಪತ್ತಿನ ಮೊರೆ. ಅದು ಹುಯ್ಯಲಾಗಿ ಈಗ 'ಹುಯಿಲೆಬ್ಬಿಸು' ಎಂಬುದರಲ್ಲಿ ಉಳಿದಿದೆ. ರಾತ್ರಿ ಹೆಸರು ಹಿಡಿದು ಒಂದೇ ಸಲ ಕೂಗಿದರೆ ಓಗೊಡಬಾರದು, ಅದು ಕೂಗುಮಾರಿ ಇರಬಹುದು ಎಂದು ಹಿರಿಯರು ಮಕ್ಕಳನ್ನು ಹೆದರಿಸುತ್ತಿದ್ದರು. ನಂಬಿಕೆಯ ಮಾತು ಬಿಡಿ. ನಿಜವಾಗಿ ಕಷ್ಟದಲ್ಲಿರುವವನು ಮತ್ತೆ ಮತ್ತೆ ಕೂಗುತ್ತಾನೆ ಎಂಬ ಲೆಕ್ಕ ಅದರೊಳಗೆ ಇದ್ದೀತು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲೂಕುಗಳ ಕಣಿವೆಗಳನ್ನು ತುಂಬಿತು. ಮುಳುಗಡೆಯಾದವರು ಊರು ಬಿಟ್ಟು ಚದುರಿದರು. ತುಮರಿ ಕಡೆಯವರಿಗೆ ಸಾಗರ ಪೇಟೆ ನೀರಿನಾಚೆಯ ಊರಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚ್ ಬಂತಾದರೂ ರಾತ್ರಿ ಅದು ಓಡುತ್ತಿರಲಿಲ್ಲ. ಕತ್ತಲಲ್ಲಿ ಬಸುರಿಯನ್ನೋ ಕಾಯಿಲೆಯವರನ್ನೋ ದಡಕ್ಕೆ ತಂದವರು ಎಷ್ಟು ಕೂಗಿದರೂ ಆಚೆಯಿಂದ 'ಓ' ಬರುವಂತಿರಲಿಲ್ಲ. ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ನೀರು. ಅಲ್ಲಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು.

ಇಂದು ಈ ಪದ ಹೆಚ್ಚಾಗಿ ಕಾಣುವುದು ಪತ್ರಿಕೆಗಳಲ್ಲಿ. 'ಪೊಲೀಸ್ ಠಾಣೆಯಿಂದ ಕೂಗಳತೆ ದೂರದಲ್ಲಿ ಕಳವು' ಎಂಬಂಥ ಶೀರ್ಷಿಕೆಯನ್ನು ಓದುಗರು ಎಷ್ಟೋ ಸಲ ನೋಡಿರಬಹುದು. ಬರೀ 'ಹತ್ತಿರ' ಎಂದು ಬರೆದರೆ ಅದು ದೂರದ ವರದಿ. 'ಕೂಗಳತೆ' ಎಂದರೆ ಆಪಾದನೆ: ಕೂಗಿದ್ದರೆ ಕೇಳಬೇಕಿತ್ತು, ಕೇಳಿಸಲಿಲ್ಲವೇ? ವರದಿಗಾರರು ಇದನ್ನು ತಿಳಿದೇ ಬಳಸುತ್ತಾರೋ ರೂಢಿಯಿಂದಲೋ, ಪದವಂತೂ ತನ್ನ ಹಳೆಯ ಕೆಲಸವನ್ನು ಬಿಟ್ಟಿಲ್ಲ.